ಹೂಳಿನಿಂದ ಶುರುವಾಗುವ ಭೂಮಿಯ ಪಾಠ

ಶಿಲಾಗೋಳ, ಜಲಗೋಳ, ವಾಯುಗೋಳ, ಜೀವಗೋಳ. ಏಳನೇ ತರಗತಿಯ ಮಕ್ಕಳು ಈ ನಾಲ್ಕೂ ಹೆಸರನ್ನು ಒಂದೇ ಉಸಿರಿಗೆ ಹೇಳಿಬಿಡುತ್ತಾರೆ. ಒಂದರಲ್ಲಿ ಆದದ್ದು ಇನ್ನೊಂದಕ್ಕೆ ಹೇಗೆ ತಟ್ಟುತ್ತದೆ ಅಂತ ಕೇಳಿದರೆ ಮಾತ್ರ ತರಗತಿ ಗಪ್‌ಚಿಪ್. ನಾನು ಕಲಿಸುವುದು ತುಂಗಭದ್ರಾ ಎಡದಂಡೆ ಕಾಲುವೆಯ ಪಕ್ಕದ ಊರಿನಲ್ಲಿ. ಅದಕ್ಕೇ ಈ ಪಾಠವನ್ನು ಹೂಳಿನಿಂದ ಶುರು ಮಾಡುತ್ತೇನೆ.

1953ರಲ್ಲಿ ತುಂಗಭದ್ರಾ ಡ್ಯಾಮಿನಲ್ಲಿ ನೀರು ನಿಲ್ಲಿಸಿದಾಗ ಅದು ಸುಮಾರು 133 ಟಿಎಂಸಿ (ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ) ಹಿಡಿಯುತ್ತಿತ್ತು. ಈಗ ಲೆಕ್ಕಕ್ಕೆ ಹಿಡಿಯುವುದು 105ರ ಆಸುಪಾಸು. ಉಳಿದ ಜಾಗದಲ್ಲಿ ಏನಿದೆ? ಹೂಳು ಅಂತ ಎಲ್ಲರಿಗೂ ಗೊತ್ತು, ಎರಡನೇ ಬೆಳೆಗೆ ನೀರು ಸಿಗದ ವರ್ಷ ಮನೆಯಲ್ಲಿ ಅದೇ ಮಾತು. ಸರಿ, ಆ ಹೂಳನ್ನು ತಂದವರು ಯಾರು?

ಬೋರ್ಡಿನ ಮೇಲೆ ಗೋಳಕ್ಕೊಂದರಂತೆ ನಾಲ್ಕು ವೃತ್ತ ಬರೆದು, ಬಾಣ ಎಳೆಯಲು ಮಕ್ಕಳನ್ನೇ ಕರೆಯುತ್ತೇನೆ. ಒಂದೇ ನಿಯಮ: ಪ್ರತಿ ಬಾಣದ ಮೇಲೂ ಏನು ನಡೆಯುತ್ತದೆ ಅಂತ ಬರೆಯಬೇಕು. ‘ಸಂಬಂಧ ಇದೆ’ ಅಂತ ಬರೆದರೆ ಒಪ್ಪುವುದಿಲ್ಲ. ಕೊಚ್ಚುತ್ತದೆ, ಹೀರುತ್ತದೆ, ತಡೆಯುತ್ತದೆ, ಒಣಗಿಸುತ್ತದೆ, ಹೀಗೆ. ಇಡೀ ಪಾಠದ ಜೀವ ಇಲ್ಲೇ ಇದೆ ಅಂತ ನನ್ನ ಅನಿಸಿಕೆ, ಯಾಕೆಂದರೆ ಆ ಒಂದು ಪದ ಹುಡುಕುವಾಗಲೇ ಮಕ್ಕಳು ನಿಜವಾಗಿ ಯೋಚನೆ ಮಾಡುತ್ತಾರೆ.

‘ತಡೆಯುತ್ತದೆ’ ಅಂದರೆ ಸಾಲದು, ನೋಡಬೇಕು ಅಲ್ವಾ? ಎರಡು ನೀರಿನ ಬಾಟಲಿಗಳನ್ನು ಉದ್ದಕ್ಕೆ ಕತ್ತರಿಸಿ ಇಳಿಜಾರಾಗಿ ಇಡುತ್ತೇವೆ. ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಅದೇ ಮಣ್ಣಿನಲ್ಲಿ ಬೇರುಬಿಟ್ಟ ಗರಿಕೆ. ಮೇಲಿನಿಂದ ಒಂದೊಂದು ಲೋಟ ನೀರು ಸುರಿದರೆ ಬರೀ ಮಣ್ಣಿನ ಬಾಟಲಿಯಿಂದ ಕೆಂಪು ರಾಡಿ ಬರುತ್ತದೆ, ಗರಿಕೆಯದರಿಂದ ತಿಳಿನೀರು, ಅದೂ ಕಡಿಮೆ, ತಡವಾಗಿ. ಬಾಯಲ್ಲಿ ಎಷ್ಟು ಹೇಳಿದರೂ ಆಗದ್ದು ಇಲ್ಲಿ ಆಗುತ್ತದೆ. ಒಬ್ಬ ಹುಡುಗಿ ಕೇಳಿದಳು, “ಸರ್, ಹಂಗಾದ್ರ ನಮ್ಮ ಡ್ಯಾಮಿನಾಗ ಇರೋದು ಮ್ಯಾಲಿನ ಊರವರ ಹೊಲದ ಮಣ್ಣೇನ್ರಿ?” ಆಗ ನಕ್ಷೆ ಬಿಡಿಸಿದೆವು. ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟುವ ತುಂಗಾ, ಭದ್ರಾ ಎರಡೂ ಶಿವಮೊಗ್ಗ ಹತ್ತಿರದ ಕೂಡಲಿಯಲ್ಲಿ ಸೇರುತ್ತವೆ. ಅಲ್ಲಿಂದ ಡ್ಯಾಮಿನವರೆಗೆ ಎಷ್ಟು ಕಾಡು, ಎಷ್ಟು ಹೊಲ ದಾಟಿ ಬರುತ್ತದೆ ಅಂತ ಅವರೇ ಬೆರಳಿಟ್ಟು ನೋಡಿದರು.

ಕಷ್ಟ ಆಗುವುದು ವಾಯುಗೋಳ, ಕಣ್ಣಿಗೆ ಕಾಣುವುದಿಲ್ಲ. ಶಾಲೆಯ ಬೇವಿನ ಗಿಡದ ಒಂದು ಟೊಂಗೆಗೆ ಪಾರದರ್ಶಕ ಪ್ಲಾಸ್ಟಿಕ್ ಚೀಲ ಬಿಗಿಯಾಗಿ ಕಟ್ಟಿ ಬಿಸಿಲಲ್ಲಿ ಬಿಟ್ಟರೆ ಒಳಗೆ ಹನಿ ಕೂರುತ್ತವೆ. ಬೇರು ಹೀರಿದ ನೀರನ್ನು ಎಲೆ ಗಾಳಿಗೆ ಬಿಟ್ಟಿತು. ಮಳೆಗೂ ಹೀಗೇ ದಾರಿ ಹುಡುಕುತ್ತೇವೆ. ಅರಬ್ಬೀ ಸಮುದ್ರದ ಗಾಳಿ ಘಟ್ಟ ಏರಿ ತಣ್ಣಗಾಗಿ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಜಾಸ್ತಿ ಸುರಿಸುತ್ತದೆ, ನಮ್ಮ ಕಡೆ ಅದರ ಹತ್ತರಲ್ಲಿ ಒಂದು ಪಾಲೂ ಇಲ್ಲ. ಬೆಟ್ಟ ಗಾಳಿಯನ್ನು ‘ಏರಿಸುತ್ತದೆ’. ಶಿಲಾಗೋಳದಿಂದ ವಾಯುಗೋಳಕ್ಕೂ ಒಂದು ಬಾಣ ಬಂತು.

ಜೋರಾಗಿ ಜಗಳ ಆಗುವುದು ಒಂದೇ ಪ್ರಶ್ನೆಗೆ: ಮಣ್ಣು ಯಾವ ವೃತ್ತದೊಳಗೆ? ಕಲ್ಲಿನ ಪುಡಿ ಅಂತ ಕೆಲವರು ಶಿಲಾಗೋಳಕ್ಕೆ ಹಾಕುತ್ತಾರೆ, ಎರೆಹುಳು ನೋಡಿದವರು ಒಪ್ಪುವುದಿಲ್ಲ. ನಾನು ಉತ್ತರ ಹೇಳುವುದಿಲ್ಲ. ಒಣ ಮಣ್ಣಿನ ಹೆಂಟೆಯನ್ನು ನೀರಿನಲ್ಲಿ ಮುಳುಗಿಸಲು ಕೊಡುತ್ತೇನೆ. ಗುಳ್ಳೆ ಏಳುತ್ತಲೇ “ಒಳಗ ಗಾಳಿನೂ ಐತಿ!” ಅಂತ ಕೂಗುತ್ತಾರೆ.

ಪರೀಕ್ಷೆಯಲ್ಲಿ ವ್ಯಾಖ್ಯೆ ಕೇಳುವುದನ್ನು ಬಿಟ್ಟಿದ್ದೇನೆ. “ಈ ವರ್ಷ ಕಾಲುವೆಗೆ ನೀರು ಬಿಡಲಿಲ್ಲ. ನಾಲ್ಕೂ ಗೋಳಗಳಲ್ಲಿ ಏನೇನು ಬದಲಾಗುತ್ತದೆ? ಬಾಣ ಎಳೆದು ತೋರಿಸಿ.” ಇದಕ್ಕೆ ಒಂದು ಇಡೀ ಪುಟ ಖಾಲಿ ಬಿಡಿ, ಸಾಲುವುದಿಲ್ಲ ಅಂತ ಇನ್ನೊಂದು ಹಾಳೆ ಕೇಳುತ್ತಾರೆ.