ಪಕ್ಕದ ಮನೆಯ ನಾಯಿ ಸ್ಕೂಟರಿನ ಬೆನ್ನುಹತ್ತಿದರೆ

ಬೆಳಿಗ್ಗೆ ಆರರಿಂದ ಒಂಬತ್ತರೊಳಗೆ ಬಡಾವಣೆಯ ಯಾವ ಅಡ್ಡರಸ್ತೆಯಲ್ಲಾದರೂ ಹಾಲಿನವರು, ಪತ್ರಿಕೆ ಹಾಕುವ ಹುಡುಗರು, ಸೈಕಲ್ಲಿನಲ್ಲಿ ಸೊಪ್ಪು ಹೂವು ಮಾರುವವರು, ಮಕ್ಕಳನ್ನು ಶಾಲೆಗೆ ಬಿಡಲು ಹೊರಟ ತಂದೆತಾಯಂದಿರು ಹಾದುಹೋಗುತ್ತಲೇ ಇರುತ್ತಾರೆ. ಅದೇ ಹೊತ್ತಿಗೆ ಒಂದು ಮನೆಯ ಗೇಟಿನಿಂದ ನಾಯಿ ಹೊರಗೆ ನುಗ್ಗಿ, ಬೊಗಳುತ್ತ ಚಕ್ರದ ಪಕ್ಕದಲ್ಲೇ ಓಡಿಬರುತ್ತದೆ. ನಮ್ಮ ಬೀದಿಯಲ್ಲಿ ಹಾಲು ಹಾಕುವ ಹುಡುಗನೊಬ್ಬ ಹೀಗೆ ಅಟ್ಟಿಸಿಕೊಂಡು ಬಂದ ನಾಯಿಯತ್ತ ತಿರುಗಿ ನೋಡುತ್ತ ರಸ್ತೆಯ ಉಬ್ಬಿನ ಮೇಲೆ ಬಿದ್ದು ಮುಂಗೈ ಮುರಿದುಕೊಂಡ. ನಾಯಿಯ ಹಲ್ಲು ಅವನ ಮೈಗೆ ತಾಗಿರಲೇ ಇಲ್ಲ. "ಅದು ಕಚ್ಚುವುದಿಲ್ಲ, ಸುಮ್ಮನೆ ಓಡಿಬರುತ್ತದೆ" ಎಂದು ಮನೆಯವರು ಹೇಳಿದ್ದು ನಿಜವೇ ಆಗಿತ್ತು. ಮೂಳೆ ಮುರಿದದ್ದೂ ನಿಜವಾಗಿತ್ತು. ಆದ್ದರಿಂದ ನಾಯಿ ಕಚ್ಚುವವರೆಗೆ ಕಾಯದೆ, ಅಟ್ಟಿಸಿಕೊಂಡು ಬರುವುದನ್ನೇ ಅಪಾಯವೆಂದು ತಿಳಿದು, ಕ್ರಮವಾಗಿ ಏನೇನು ಮಾಡಬಹುದೆಂಬುದನ್ನು ಇಲ್ಲಿ ವಿವರಿಸಲಾಗಿದೆ.

ವಾಹನದ ಮೇಲಿರುವಾಗ

ಚಲಿಸುವ ವಸ್ತುವನ್ನು ಬೆನ್ನಟ್ಟುವುದು ನಾಯಿಯ ಹುಟ್ಟುಗುಣ. ಅದರ ಜೊತೆಗೆ ತನ್ನ ಮನೆಯ ಮುಂದಿನ ರಸ್ತೆಯೂ ತನ್ನದೇ ಎಂಬ ಭಾವನೆ ಸೇರಿಕೊಂಡಾಗ, ಹಾದುಹೋಗುವ ಪ್ರತಿ ವಾಹನವೂ ಅದಕ್ಕೆ ಒಳನುಗ್ಗಲು ಬಂದ ಶತ್ರುವಿನಂತೆ ಕಾಣುತ್ತದೆ. ನಾವು ಹೆದರಿ ವೇಗ ಹೆಚ್ಚಿಸಿ ಹೊರಟುಹೋಗುತ್ತೇವೆ. ತಾನು ಓಡಿಸಿದ್ದರಿಂದಲೇ ಶತ್ರು ಓಡಿಹೋದನೆಂದು ನಾಯಿ ಕಲಿಯುತ್ತದೆ. ದಿನಕ್ಕೆ ಇಪ್ಪತ್ತು ಬಾರಿ ಈ ಗೆಲುವು ಸಿಕ್ಕರೆ ಒಂದೆರಡು ತಿಂಗಳಲ್ಲಿ ಅದು ಬಿಡಿಸಲು ಕಷ್ಟವಾದ ಚಟವಾಗುತ್ತದೆ. ನೋಟದಿಂದಲೇ ಬೇಟೆಯನ್ನು ಗುರುತಿಸಿ ಓಡುವ ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ತಳಿಯಂಥ ಬೇಟೆನಾಯಿಗಳನ್ನು ಪಟ್ಟಣದ ಕಿರಿದಾದ ಅಂಗಳದಲ್ಲಿ ಓಟವಿಲ್ಲದೆ ಸಾಕಿದಾಗ ಈ ತೊಂದರೆ ಇನ್ನೂ ಹೆಚ್ಚು.

ನಾಯಿ ಇರುವ ಮನೆ ಗೊತ್ತಿದ್ದರೆ, ಅದಕ್ಕಿಂತ ಸಾಕಷ್ಟು ಮೊದಲೇ ವೇಗವನ್ನು ಇಳಿಸಿ. ಓಡುವ ನಾಯಿ ನಾವು ಈಗ ಇರುವ ಜಾಗವನ್ನು ಬಿಟ್ಟು, ಇನ್ನೊಂದು ಕ್ಷಣದಲ್ಲಿ ತಲುಪಲಿರುವ ಜಾಗಕ್ಕೆ ಗುರಿಯಿಟ್ಟು ಓರೆಯಾಗಿ ಬರುತ್ತದೆ. ನಾವು ಮೊದಲೇ ನಿಧಾನಿಸಿದರೆ ಅದರ ಲೆಕ್ಕ ತಪ್ಪುತ್ತದೆ. ರಸ್ತೆ ಮುಂದೆ ತೆರವಾಗಿದ್ದರೆ ಅದು ಹತ್ತಿರವಾಗುವ ಹೊತ್ತಿಗೆ ಸಮವಾಗಿ ಆಕ್ಸಿಲರೇಟರ್ ಕೊಟ್ಟು ದಾಟಿಹೋಗಬಹುದು. ರಸ್ತೆ ಕಿರಿದಾಗಿದ್ದರೆ, ಉಬ್ಬು ಅಥವಾ ತಿರುವು ಎದುರಿಗಿದ್ದರೆ ವೇಗವನ್ನು ಹೆಚ್ಚಿಸುವ ಯೋಚನೆಯನ್ನೇ ಬಿಡಬೇಕು; ನಡಿಗೆಯ ವೇಗಕ್ಕೆ ಇಳಿಸಿ, ಬೇಕಿದ್ದರೆ ನಿಲ್ಲಿಸಿಬಿಡಬೇಕು. ಚಕ್ರ ನಿಂತ ಕೂಡಲೇ ಹೆಚ್ಚಿನ ನಾಯಿಗಳ ಉತ್ಸಾಹ ಅರ್ಧಕ್ಕರ್ಧ ಇಳಿಯುತ್ತದೆ. ಆಗ ಅದರ ಕಣ್ಣನ್ನು ದಿಟ್ಟಿಸದೆ, ಒಂದೇ ಗಟ್ಟಿ ದನಿಯಲ್ಲಿ "ಹಚಾ, ಹೋಗು" ಎಂದು ಹೇಳಿ, ಅದು ಹಿಂದೆ ಸರಿದ ಮೇಲೆ ನಿಧಾನವಾಗಿ ಹೊರಡಬಹುದು.

ಕಾಲನ್ನು ಮೇಲೆತ್ತುವುದು, ಒದೆಯಲು ಹೋಗುವುದು, ಹಿಂದಕ್ಕೆ ತಿರುಗಿ ನೋಡುವುದು, ಒಂದೇ ಸಮನೆ ಹಾರ್ನ್ ಹೊಡೆಯುವುದು ಬೇಡ. ಬೀಳುವವರಲ್ಲಿ ಹೆಚ್ಚಿನವರು ಇವುಗಳಲ್ಲಿ ಒಂದನ್ನು ಮಾಡುತ್ತಿದ್ದಾಗಲೇ ಬೀಳುತ್ತಾರೆ. ಹಿಂಬದಿ ಸವಾರರಿಗೂ ಇದನ್ನು ಮೊದಲೇ ಹೇಳಿಡಬೇಕು. ಒಂದೇ ಬದಿಗೆ ಕಾಲು ಹಾಕಿ ಕುಳಿತವರು ಗಾಬರಿಯಿಂದ ಕಾಲೆಳೆದುಕೊಂಡರೆ ಸ್ಕೂಟರಿನ ತೂಕವೆಲ್ಲ ಆ ಕ್ಷಣ ವಾಲುತ್ತದೆ. ಸೈಕಲ್ ಸವಾರರಾದರೆ ನಾಯಿಯ ಎದುರು ಬದಿಗೆ ಇಳಿದು, ಸೈಕಲ್ಲನ್ನು ಅಡ್ಡವಾಗಿ ಹಿಡಿದುಕೊಂಡು ನಡೆದುಹೋಗುವುದು ಒಳ್ಳೆಯದು. ನೀರಿನ ಬಾಟಲಿಯಿಂದ ಅದರ ಮುಖದ ಕಡೆ ಒಮ್ಮೆ ನೀರು ಚಿಮ್ಮಿಸಿದರೆ ಸಾಮಾನ್ಯವಾಗಿ ಹಿಂಜರಿಯುತ್ತದೆ. ಬಿದ್ದೇಬಿಟ್ಟರೆ ಮುದುಡಿಕೊಂಡು, ಕೈಗಳಿಂದ ಕತ್ತು ಕಿವಿಗಳನ್ನು ಮುಚ್ಚಿ, ಕೂಗಾಡದೆ ಮಲಗಿರಬೇಕು.

ಕಚ್ಚಿದರೆ, ಗೀರಿದರೆ

ಜಗಳ, ಪಂಚಾಯಿತಿ ಎಲ್ಲ ಆಮೇಲೆ. ಮೊದಲು ಹತ್ತಿರದ ನಲ್ಲಿಗೆ ಹೋಗಿ, ಹರಿಯುವ ನೀರು ಮತ್ತು ಸಾಬೂನಿನಿಂದ ಗಾಯವನ್ನು ಪೂರ್ತಿ 15 ನಿಮಿಷ ತೊಳೆಯಬೇಕು. ರೇಬೀಸ್ ವೈರಾಣುವಿನ ಹೊರಕವಚವನ್ನು ಸಾಬೂನು ಒಡೆಯುತ್ತದೆ. ಮನೆಯಲ್ಲಿ ಮಾಡಬಹುದಾದ ಇದಕ್ಕಿಂತ ದೊಡ್ಡ ಚಿಕಿತ್ಸೆ ಇಲ್ಲ. ಅರಿಶಿನ, ಸುಣ್ಣ, ಕಾಫಿಪುಡಿ, ಮೆಣಸಿನಪುಡಿ ಯಾವುದನ್ನೂ ಹಚ್ಚಬಾರದು, ಬಿಗಿಯಾಗಿ ಕಟ್ಟಲೂಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆಯನ್ನು ಆರಂಭಿಸಬೇಕು. ಚರ್ಮದೊಳಗೆ ಕೊಡುವ ಕ್ರಮದಲ್ಲಿ ಮೊದಲ ದಿನವನ್ನು ಸೊನ್ನೆಯೆಂದು ಲೆಕ್ಕ ಹಾಕಿ 0, 3, 7 ಮತ್ತು 28ನೇ ದಿನ ಲಸಿಕೆ ಇರುತ್ತದೆ. ರಕ್ತ ಬಂದಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ (ರೇಬೀಸ್ ವೈರಾಣುವನ್ನು ತಡೆಯುವ ಸಿದ್ಧ ಪ್ರತಿಕಾಯ) ಚುಚ್ಚುಮದ್ದೂ ಬೇಕಾಗುತ್ತದೆ. ಆಸ್ಪತ್ರೆಯಲ್ಲಿ ಅದನ್ನು ಬಾಯಿಬಿಟ್ಟು ಕೇಳಿ. ರಸ್ತೆಗೆ ಬಿದ್ದು ತರಚಿದ ಗಾಯಗಳ ನಡುವೆ ಉಗುರಿನ ಸಣ್ಣ ಗೀರು ಅಡಗಿರಬಹುದಾದ್ದರಿಂದ ಪ್ಯಾಂಟು ಮಡಿಸಿ, ಸೀರೆ ಸರಿಸಿ ಸರಿಯಾಗಿ ನೋಡಬೇಕು. ಗರ್ಭಿಣಿಯರಿಗೂ ಹಸುಗೂಸುಗಳಿಗೂ ಈ ಲಸಿಕೆ ಕೊಡಬಹುದು.

ನಾಯಿಯನ್ನು ಹೊಡೆದು ಕೊಲ್ಲಬಾರದು. ಅದನ್ನು 10 ದಿನ ಕಟ್ಟಿಹಾಕಿ ಗಮನಿಸಬೇಕು. ಅಷ್ಟು ದಿನ ಅದು ಆರೋಗ್ಯವಾಗಿದ್ದರೆ ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೇಬೀಸ್ ಇರಲಿಲ್ಲವೆಂದು ಖಚಿತವಾಗುತ್ತದೆ. ಆದರೆ ಈ ಗಮನಿಸುವಿಕೆಯ ಹೆಸರಿನಲ್ಲಿ ಲಸಿಕೆಯನ್ನು ಒಂದು ದಿನವೂ ಮುಂದೂಡುವಂತಿಲ್ಲ. ನಾಯಿಗೆ ಲಸಿಕೆ ಹಾಕಿಸಿದೆ ಎಂದು ಮನೆಯವರು ಹೇಳಿದರೂ ಆಸ್ಪತ್ರೆಗೆ ಹೋಗಲೇಬೇಕು. ಉಳಿದ ಡೋಸುಗಳ ಬಗ್ಗೆ ವೈದ್ಯರು ತೀರ್ಮಾನಿಸಲಿ. ರೇಬೀಸಿನ ಲಕ್ಷಣಗಳು ಕಾಣಿಸಿಕೊಂಡ ಮೇಲೆ ಉಳಿಯುವವರು ಇಲ್ಲವೆನ್ನುವಷ್ಟು ಕಡಿಮೆ. ಕರ್ನಾಟಕ ಸರ್ಕಾರ 2022ರಲ್ಲಿ ಮನುಷ್ಯರ ರೇಬೀಸನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ರೋಗವೆಂದು ಘೋಷಿಸಿದ್ದು ಈ ಕಾರಣಕ್ಕೇ. ಆಸ್ಪತ್ರೆಯ ಚೀಟಿಯಲ್ಲಿ ನಾಯಿ ಕಚ್ಚಿದ್ದು ಎಂದು ಬರೆಸಿಕೊಂಡು ಜೋಪಾನವಾಗಿ ಇಟ್ಟುಕೊಳ್ಳಿ.

ಬರೆದಿಡುವ ಕೆಲಸ

ದೂರು ಕೊಡುವ ಉದ್ದೇಶ ಸದ್ಯಕ್ಕೆ ಇಲ್ಲದಿದ್ದರೂ ಒಂದು ನೋಟ್‌ಬುಕ್ಕಿನಲ್ಲಿ ದಿನಾಂಕ, ಸಮಯ, ಗೇಟು ತೆರೆದಿತ್ತೇ, ನಾಯಿ ಎಷ್ಟು ದೂರ ಅಟ್ಟಿಸಿತು, ಯಾರು ನೋಡಿದರು ಎಂಬುದನ್ನು ಎರಡು ವಾರ ಬರೆಯಿರಿ. ಎದುರು ಮನೆಯವರ ಸಿಸಿಟಿವಿ ಕ್ಯಾಮೆರಾದಲ್ಲಿ ರಸ್ತೆ ಕಾಣುತ್ತಿದ್ದರೆ ದೃಶ್ಯವನ್ನು ಅಳಿಸಿಹೋಗುವ ಮೊದಲೇ ಕೇಳಿ ಪಡೆದುಕೊಳ್ಳಿ. ಹೀಗೆ ಬರೆದಾಗ ಒಂದು ಮಾದರಿ ಕಾಣಿಸುತ್ತದೆ. ಕೆಲಸದವರು ಬಂದು ಗೇಟು ಮುಚ್ಚದೆ ಹೋಗುವ ಏಳೂವರೆ ಗಂಟೆಗೆ, ಇಲ್ಲವೇ ಸಂಜೆ ಮನೆಯವರು ಕಾರು ತೆಗೆಯುವಾಗ ಮಾತ್ರ ನಾಯಿ ಹೊರಬರುತ್ತಿರಬಹುದು. ಹಾಗಿದ್ದರೆ ಪರಿಹಾರವೂ ಅಷ್ಟೇ ಚಿಕ್ಕದು.

ಅದು ನಿಜವಾಗಿಯೂ ಆ ಮನೆಯ ನಾಯಿಯೇ ಎಂಬುದನ್ನೂ ಈ ಹಂತದಲ್ಲಿ ತಿಳಿದುಕೊಳ್ಳಬೇಕು. ಅವರು ಅನ್ನ ಹಾಕುವ ಬೀದಿನಾಯಿಯಾಗಿದ್ದರೆ ದಾರಿ ಬೇರೆ. 2023ರ ಪ್ರಾಣಿಗಳ ಸಂತಾನ ನಿಯಂತ್ರಣ ನಿಯಮಗಳ ಪ್ರಕಾರ ಬೀದಿನಾಯಿಯ ಸಂತಾನಹರಣ ಶಸ್ತ್ರಚಿಕಿತ್ಸೆ ಮತ್ತು ಲಸಿಕೆ ಸ್ಥಳೀಯ ಸಂಸ್ಥೆಯ ಜವಾಬ್ದಾರಿ. ಸಾಕುನಾಯಿಯದಾದರೆ ಎಲ್ಲವೂ ಸಾಕಿದವರ ಜವಾಬ್ದಾರಿ.

ಮನೆಯವರೊಡನೆ ಮಾತು

ಇಡೀ ಕೆಲಸದಲ್ಲಿ ಹೆಚ್ಚು ಫಲ ಕೊಡುವ ಹಂತ ಇದೇ ಎಂಬುದು ನನ್ನ ಅನುಭವ, ಮತ್ತು ನಾವು ಹೆಚ್ಚಾಗಿ ಕೆಡಿಸುವುದೂ ಇದನ್ನೇ. ನಾಯಿ ಅಟ್ಟಿಸಿದ ಕ್ಷಣದಲ್ಲೇ ಗೇಟಿನ ಮುಂದೆ ನಿಂತು ಕೂಗಾಡಿದರೆ ಎದುರಿನವರು ತಮ್ಮ ನಾಯಿಯ ಪರ ನಿಲ್ಲುತ್ತಾರೆ, ಮನೆಮಕ್ಕಳ ಪರ ನಿಂತಂತೆಯೇ. ಭಾನುವಾರದ ಬೆಳಿಗ್ಗೆಯಂಥ ಬಿಡುವಿನ ಹೊತ್ತು ನೋಡಿ, ಒಬ್ಬರೇ ಅಥವಾ ಅವರಿಗೆ ಬೇಕಾದ ಹಿರಿಯರೊಬ್ಬರ ಜೊತೆ ಹೋಗಿ. ಹತ್ತು ಜನ ಗುಂಪುಕಟ್ಟಿ ಹೋಗಬೇಡಿ. "ಸಾರ್, ಮಂಗಳವಾರ ಬೆಳಿಗ್ಗೆ ಏಳೂವರೆಗೆ ನಿಮ್ಮ ಗೇಟು ತೆರೆದಿತ್ತು. ನಾಯಿ ಮೂಲೆಮನೆಯವರೆಗೆ ಅಟ್ಟಿಸಿಕೊಂಡು ಬಂತು, ಮಗು ಹಿಂದೆ ಕುಳಿತಿತ್ತು. ಆ ಹೊತ್ತಿನಲ್ಲಿ ಒಂದು ಗಂಟೆ ಅದನ್ನು ಒಳಗೆ ಬಿಟ್ಟುಕೊಳ್ಳಲು ಆಗುತ್ತದೆಯೇ?" ಎಂದು ನಡೆದದ್ದನ್ನಷ್ಟೇ ಹೇಳಿ, ಮಾಡಬಹುದಾದ ಒಂದೇ ಕೆಲಸವನ್ನು ಕೇಳಿ. ನಾಯಿಯನ್ನು ಯಾರಿಗಾದರೂ ಕೊಟ್ಟುಬಿಡಿ ಎಂಬ ಮಾತನ್ನು ಎತ್ತಲೇಬಾರದು. ಆ ಮಾತಿನ ನಂತರ ಬೇರೆ ಯಾವ ಮಾತೂ ಅವರ ಕಿವಿಗೆ ಬೀಳುವುದಿಲ್ಲ. ಹೋಗಿಬಂದ ಮೇಲೆ ಅದೇ ವಿಷಯವನ್ನು ವಾಟ್ಸ್ಆ್ಯಪ್‌ನಲ್ಲಿ ನಾಲ್ಕು ಸಾಲಿನಲ್ಲಿ ಸೌಜನ್ಯದಿಂದ ಕಳುಹಿಸಿ. ಮುಂದೆ ಬೇಕಾದರೆ ಅದೇ ದಾಖಲೆಯಾಗುತ್ತದೆ.

ಒಪ್ಪಿಕೊಂಡ ಮನೆಯವರಿಗೆ ಏನು ಮಾಡಬೇಕೆಂದು ತಿಳಿಯದೆ ಇರಬಹುದು. ಗೇಟಿಗೆ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗ್ ಹಾಕಿಸುವುದು, ಕೆಳಗಿನ ಸಂದಿಗೆ ಜಾಲರಿ ಬಡಿಸುವುದು, ರಸ್ತೆ ಕಾಣದಂತೆ ಗೇಟಿಗೆ ತಗಡು ಹೊಡೆಸುವುದು ಇವೆಲ್ಲ ಒಂದು ದಿನದ ಕೆಲಸಗಳು. ವಾಹನ ಕಾಣದಿದ್ದರೆ ನಾಯಿಯ ಕೆರಳಿಕೆಯೇ ಕಡಿಮೆಯಾಗುತ್ತದೆ. ಜನಸಂಚಾರ ಹೆಚ್ಚುವ ಮೊದಲೇ, ಬೆಳಿಗ್ಗೆ ಬೇಗ, ಬೆಲ್ಟ್ ಹಾಕಿ ಅರ್ಧ ಗಂಟೆ ಚೆನ್ನಾಗಿ ನಡೆಸಿಕೊಂಡು ಬಂದರೆ ಅದು ಅನಂತರ ಮಲಗಿ ನಿದ್ರಿಸುತ್ತದೆ. ದಿನವಿಡೀ ಗಿಡ್ಡ ಸರಪಳಿಯಲ್ಲಿ ಕಟ್ಟಿಹಾಕುವುದು ಮಾತ್ರ ಪರಿಹಾರವಲ್ಲ. ಕಟ್ಟಿಹಾಕಿದ ನಾಯಿ ಬಿಚ್ಚಿದ ಕ್ಷಣ ಇನ್ನಷ್ಟು ಕ್ರೂರವಾಗುತ್ತದೆ, ಮೇಲಾಗಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಅದು ತಪ್ಪು ಕೂಡ. ಹೊರಗೆ ಕರೆದೊಯ್ಯುವಾಗ ನಾಯಿಗೆ ಬಾಯಿಕುಕ್ಕೆ ಹಾಕಬಹುದು, ಆದರೆ ಅದು ಬಾಯಿ ತೆರೆದು ಏದುಸಿರು ಬಿಡಲು ಅವಕಾಶವಿರುವಂಥದ್ದಾಗಿರಬೇಕು.

ಚಟ ಬಿಡಿಸುವುದಕ್ಕೆ ತಾಳ್ಮೆ ಬೇಕು. ಬೆಲ್ಟ್ ಹಾಕಿ, ವಾಹನಗಳು ದೂರದಲ್ಲಿ ಹೋಗುವ ಕಡೆ ನಿಂತು, ಸ್ಕೂಟರ್ ಕಂಡರೂ ನಾಯಿ ಬೊಗಳದೆ ಯಜಮಾನರ ಮುಖ ನೋಡಿದಾಗಲೆಲ್ಲ ಒಂದು ತುಂಡು ತಿಂಡಿ ಕೊಡಬೇಕು. ಕೆಲವು ದಿನಗಳ ನಂತರ ಸ್ವಲ್ಪ ಸ್ವಲ್ಪವೇ ಹತ್ತಿರವಾಗಬೇಕು. ಅಟ್ಟಿಸಿಕೊಂಡು ಹೋಗಿ ಮರಳಿ ಬಂದ ನಾಯಿಗೆ ಹೊಡೆದರೆ, ಮರಳಿ ಬಂದದ್ದಕ್ಕೇ ಏಟು ಬಿತ್ತೆಂದು ಅದು ತಿಳಿಯುತ್ತದೆ. ಮೊದಲು ಸೌಮ್ಯವಾಗಿದ್ದ ನಾಯಿ ಏಕಾಏಕಿ ಹೀಗಾಗಿದ್ದರೆ ನೋವು ಅಥವಾ ಕಾಯಿಲೆ ಇರಬಹುದು. ತಡಮಾಡದೆ ಪಶುವೈದ್ಯರಿಗೆ ತೋರಿಸಬೇಕು. ಬೀದಿಯವರಾದ ನಮಗೂ ಇದರಲ್ಲಿ ಪಾಲಿದೆ. ಗೇಟಿನೊಳಗಿರುವ ನಾಯಿಯನ್ನು ಕಲ್ಲು, ಕೋಲಿನಿಂದ ಕೆಣಕುವ ಮಕ್ಕಳನ್ನು ತಡೆಯುವುದು ನಮ್ಮ ಕೆಲಸ.

ಅರ್ಜಿ ಮತ್ತು ಕಾನೂನು

ಎರಡು ಮೂರು ಬಾರಿ ಹೇಳಿದರೂ ಏನೂ ಬದಲಾಗದಿದ್ದರೆ ಬರಹದ ದಾರಿ ಹಿಡಿಯಬೇಕಾಗುತ್ತದೆ. ಬಡಾವಣೆಯ ಸಂಘವಿದ್ದರೆ ಅದರಿಂದ ಮೊದಲ ಪತ್ರ ಹೋಗಲಿ. ನಾಯಿ ಸಾಕಲೇಬಾರದೆಂದು ನಿಷೇಧಿಸುವ ಅಧಿಕಾರ ಸಂಘಕ್ಕಿಲ್ಲ, ಹೊರಗೆ ಬೆಲ್ಟ್ ಹಾಕಿ ಎಂದು ಕೇಳಬಹುದು. ಅನಂತರ ನಗರದಲ್ಲಿ ಪಾಲಿಕೆಯ ಪಶುಸಂಗೋಪನೆ ಅಥವಾ ಆರೋಗ್ಯ ವಿಭಾಗಕ್ಕೆ, ಹಳ್ಳಿಯಲ್ಲಿ ಗ್ರಾಮ ಪಂಚಾಯಿತಿಯ ಪಿಡಿಒ ಅವರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಬೆಂಗಳೂರಿನಲ್ಲಿರುವಂತೆ ಸಾಕುನಾಯಿಗೆ ಪರವಾನಗಿ ಬೇಕೆಂಬ ನಿಯಮ ನಿಮ್ಮ ಊರಿನಲ್ಲೂ ಇದ್ದರೆ, ಈ ನಾಯಿಗೆ ಪರವಾನಗಿ ಮತ್ತು ರೇಬೀಸ್ ಲಸಿಕೆಯ ದಾಖಲೆ ಇದೆಯೇ ಎಂದು ಪರಿಶೀಲಿಸುವಂತೆ ಅರ್ಜಿಯಲ್ಲೇ ಕೋರಬಹುದು.

ಮುಂದಿನದು ಪೊಲೀಸ್ ಠಾಣೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನ ಪ್ರಕಾರ, ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರ ಜೀವಕ್ಕೆ ಅಥವಾ ದೇಹಕ್ಕೆ ತೀವ್ರ ಗಾಯವಾಗುವ ಅಪಾಯ ಸಂಭವಿಸದಂತೆ ಸಾಕಷ್ಟು ಎಚ್ಚರ ವಹಿಸದ ವ್ಯಕ್ತಿಗೆ 6 ತಿಂಗಳವರೆಗೆ ಸೆರೆವಾಸ, ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಕಾನೂನು ಇಲ್ಲಿ ಸಂಭವನೀಯ ಅಪಾಯದ ಮಾತನ್ನಾಡುತ್ತದೆಂಬುದನ್ನು ಗಮನಿಸಬೇಕು; "ಕಚ್ಚಿಲ್ಲವಲ್ಲ" ಎಂದು ಯಾರಾದರೂ ಅರ್ಜಿಯನ್ನು ಮರಳಿಸಲು ನೋಡಿದರೆ ಈ ಕಲಮನ್ನು ತೋರಿಸಿ, ಮೂಳೆ ಮುರಿತವೂ ತೀವ್ರ ಗಾಯವೇ ಎಂದು ವಿನಯದಿಂದ ಹೇಳಿ. ಬರೆದಿಟ್ಟ ದಿನಾಂಕಗಳ ಪಟ್ಟಿ, ವಾಟ್ಸ್ಆ್ಯಪ್ ಸಂದೇಶ, ಆಸ್ಪತ್ರೆಯ ಚೀಟಿಗಳ ಪ್ರತಿಗಳನ್ನು ಲಗತ್ತಿಸಿ, ಹಿಂಬರಹ ಪಡೆಯದೆ ಠಾಣೆಯಿಂದ ಹೊರಡಬೇಡಿ. ನಾಯಿ ಆ ಕ್ಷಣದಲ್ಲೇ ಯಾರ ಮೇಲಾದರೂ ಎರಗುತ್ತಿದ್ದರೆ 112ಕ್ಕೆ ಕರೆ ಮಾಡಬೇಕು.

ಇದಕ್ಕೂ ಜಗ್ಗದಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 152ನೇ ಕಲಮಿನಡಿ ಉಪವಿಭಾಗ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಸಲ್ಲಿಸಬಹುದು. ಅಪಾಯಕಾರಿ ಪ್ರಾಣಿಯನ್ನು ಬಂಧನದಲ್ಲಿಡುವಂತೆ ಮಾಲೀಕರಿಗೆ ಷರತ್ತಿನ ಆದೇಶ ಹೊರಡಿಸುವ ಅಧಿಕಾರ ಅವರಿಗಿದೆ. ಮಾಲೀಕರು ಹಾಜರಾಗಿ ತಮ್ಮ ಆಕ್ಷೇಪ ಹೇಳಲೂ ಅವಕಾಶವಿರುತ್ತದೆ. ಪ್ರಾಣಿಯನ್ನು ಕೊಲ್ಲಿಸುವ ಆದೇಶಕ್ಕೂ ಆ ಕಲಮಿನಲ್ಲಿ ಅವಕಾಶವಿದೆಯಾದರೂ ಅದನ್ನು ಕೇಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ತೆರೆದ ಗೇಟಿನ ತಪ್ಪಿಗೆ ನಾಯಿಯ ಪ್ರಾಣ ತೆರಬೇಕಾಗಿಲ್ಲ. ಚಿಕಿತ್ಸೆಯ ಖರ್ಚು, ಹೋದ ಸಂಬಳ ದೊಡ್ಡ ಮೊತ್ತವಾಗಿದ್ದರೆ ಸಿವಿಲ್ ನ್ಯಾಯಾಲಯದಲ್ಲಿ ಪರಿಹಾರ ಕೇಳುವ ಬಗ್ಗೆ ವಕೀಲರನ್ನು ವಿಚಾರಿಸಬಹುದು.

ಬೇಸತ್ತ ಕೆಲವರು ವಿಷ ಹಾಕುವ ಮಾತಾಡುತ್ತಾರೆ. ಪ್ರಾಣಿಯನ್ನು ಕೊಲ್ಲುವುದು, ವಿಷವಿಕ್ಕುವುದು, ಊನಗೊಳಿಸುವುದು ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ 5 ವರ್ಷದವರೆಗಿನ ಸೆರೆವಾಸಕ್ಕೆ ಗುರಿಯಾಗುವ ಅಪರಾಧ. ಬೀದಿಗೆ ಎಸೆದ ವಿಷದ ತುಂಡು ಪಕ್ಕದ ಹಸುವಿನ ಬಾಯಿಗೋ ಆಡುವ ಮಗುವಿನ ಕೈಗೋ ಹೋಗುವುದಿಲ್ಲವೆಂದು ಯಾರೂ ಹೇಳಲಾರರು.

ನಡುವೆ ಯಾವ ಹಂತದಲ್ಲೇ ಆಗಲಿ ಮನೆಯವರು ಗೇಟು ಸರಿಪಡಿಸಿ ನಾಯಿಯನ್ನು ಹಿಡಿತಕ್ಕೆ ತಂದರೆ, ಒಂದು ತಿಂಗಳು ನೋಡಿ, ಅರ್ಜಿ ಕೊಟ್ಟ ಕಚೇರಿಗೂ ಠಾಣೆಗೂ ತೊಂದರೆ ನಿಂತಿದೆಯೆಂದು ಬರೆದುಕೊಡಿ, ಅದರ ಒಂದು ಪ್ರತಿಯನ್ನು ಆ ಮನೆಯವರಿಗೂ ತಲುಪಿಸಿ. ನಮ್ಮ ಬೀದಿಯ ಆ ಮನೆಗೆ ಈಗ ತಗಡು ಹೊಡೆದ ಗೇಟಿದೆ. ಒಳಗಿನಿಂದ ಬೊಗಳುವ ಸದ್ದು ಈಗಲೂ ಕೇಳುತ್ತದೆ. ಹಾಲಿನ ಹುಡುಗ ಪ್ಯಾಕೆಟ್ಟುಗಳನ್ನು ಗೇಟಿನ ಚೀಲಕ್ಕೆ ಹಾಕಿ ಮುಂದಿನ ಮನೆಗೆ ಹೋಗುತ್ತಾನೆ.