ನಾನು ಬ್ಲ್ಯಾಕ್‌ಲೆಟರ್ ಫಾಂಟ್ ಮಾಡಿದ ಬಗೆ

ಬ್ಲ್ಯಾಕ್‌ಲೆಟರ್ ಎಂದರೆ ಮಧ್ಯಯುಗದ ಯುರೋಪಿನ, ದಪ್ಪ ಗೆರೆಯ ಲ್ಯಾಟಿನ್ ಅಕ್ಷರ ಶೈಲಿ. ಮೊದಲ ಸಲ ನೇರವಾಗಿ ಕಂಪ್ಯೂಟರಿನಲ್ಲೇ ಗೆರೆ ಎಳೆಯಲು ಶುರು ಮಾಡಿದೆ. ತಿಂಗಳುಗಟ್ಟಲೆ ಮಾಡಿದ್ದೆಲ್ಲ ಕಬ್ಬಿಣದ ಗೇಟಿನ ಸರಳುಗಳ ಹಾಗೆ ಕಂಡಿತು. ಎಲ್ಲ ಅಳಿಸಿ, ಅಗಲ ತುದಿಯ ನಿಬ್ ಹಿಡಿದು ಕಾಗದದ ಮೇಲೆ ಬರೆಯಲು ಕೂತೆ. ನಿಬ್ ಸುಮಾರು 40 ಡಿಗ್ರಿ ಓರೆ, ಸಣ್ಣಕ್ಷರದ ಎತ್ತರ ನಿಬ್ಬಿನ ಅಗಲದ ಐದು ಪಟ್ಟು. ಕಂಬದ, ಅಂದರೆ ಅಕ್ಷರದ ನೆಟ್ಟನೆ ಗೆರೆಯ, ತಲೆಯಲ್ಲೂ ಬುಡದಲ್ಲೂ ಕಾಣುವ ವಜ್ರದಾಕಾರವನ್ನು ನಾನು ಅಲಂಕಾರವೆಂದುಕೊಂಡಿದ್ದೆ. ಅದು ಓರೆ ನಿಬ್ ಊರಿದಾಗ ತಾನಾಗಿ ಬೀಳುವ ಗುರುತು ಅಷ್ಟೆ.

ಟೆಕ್ಸ್ಟುರಾ, ರೊಟುಂಡಾ, ಶ್ವಾಬಾಖರ್, ಫ್ರಾಕ್ಟುರ್ ಎಂಬ ಬ್ಲ್ಯಾಕ್‌ಲೆಟರಿನ ನಾಲ್ಕು ಬಗೆಗಳಲ್ಲಿ ನಾನು ಆರಿಸಿಕೊಂಡದ್ದು ಟೆಕ್ಸ್ಟುರಾ. 1455ರ ಸುಮಾರಿಗೆ ಮೈಂಟ್ಸ್‌ನಲ್ಲಿ ಗುಟೆನ್‌ಬರ್ಗ್ 42 ಸಾಲಿನ ಬೈಬಲ್ ಅಚ್ಚು ಹಾಕಿದ್ದು ಇದರಲ್ಲೇ. ಹೆಸರಿನಲ್ಲೇ ನೇಯ್ಗೆ ಇದೆ, ಕೆಲಸವೂ ನೇಯ್ಗೆಯದ್ದೇ. ಅಕ್ಷರದೊಳಗಿನ ಬಿಳುಪು, ಎರಡು ಅಕ್ಷರಗಳ ನಡುವಿನ ಬಿಳುಪು, ಎರಡೂ ಕಣ್ಣಿಗೆ ಒಂದೇ ಅಳತೆ ಅನ್ನಿಸಬೇಕು. ನಾನು ಪರೀಕ್ಷೆಗೆ ಇಟ್ಟುಕೊಂಡದ್ದು ಲ್ಯಾಟಿನ್ನಿನ ‘ಮಿನಿಮಮ್’ (minimum) ಪದ. ಏಳು ಅಕ್ಷರ, ಸಾಲಾಗಿ ಹದಿನೈದು ಕಂಬ. ಎಲ್ಲಿ ಒಂದು ಕಡೆ ಬಿಳುಪು ಉಬ್ಬಿದರೂ ಬಟ್ಟೆಯಲ್ಲಿ ತೂತು ಬಿದ್ದಂತೆ ಎದ್ದು ಕಾಣುತ್ತದೆ. ಹಳೆಯ ಲಿಪಿಕಾರರು ‘ಐ’ ಮೇಲೆ ಸಣ್ಣ ಗೀಟು ಹಾಕತೊಡಗಿದ್ದು ಇಂಥ ಕಂಬದ ಕಾಡಿನಲ್ಲಿ ಅದು ಕಳೆದುಹೋಗದಿರಲಿ ಎಂದೇ. ಆ ಪದ ಸರಿಹೋಗುವಷ್ಟರಲ್ಲಿ ನನ್ನ ಅರ್ಧ ಕೆಲಸ ಮುಗಿದಿತ್ತು. ಕರ್ನಿಂಗ್, ಅಂದರೆ ಅಕ್ಷರ ಜೋಡಿಗಳ ನಡುವಿನ ಅಂತರ ಹೊಂದಿಸುವ ಕೆಲಸ, ಆಮೇಲೆ ಹೆಚ್ಚು ಕಾಡಲಿಲ್ಲ.

ಕಾಡಿದ್ದು ದೊಡ್ಡಕ್ಷರಗಳು. ಒಳಗೆ ಕೂದಲೆಳೆಯ ಗೆರೆಗಳು, ಹೊರಗೆ ಸೊಂಡಿಲು. ‘ಎಸ್’ ಬರೆದರೆ ‘ಜಿ’ ಅಂತ ಓದುತ್ತಿದ್ದರು. ಒಂಬತ್ತು ಸಲ ತಿದ್ದಿದೆ. ಹಳೆಯ ಬರಹಗಳಲ್ಲಿ ಸಣ್ಣಕ್ಷರವಾಗಿ ಬರುವ ಉದ್ದನೆಯ ‘ಎಸ್’ (ſ) ಇಂದಿನವರ ಕಣ್ಣಿಗೆ ‘ಎಫ್’, ಹಾಗಾಗಿ ಅದನ್ನು ಬೇಕಾದವರು ಆರಿಸಿಕೊಳ್ಳುವ ಬದಲಿ ರೂಪವಾಗಿ ಮಾತ್ರ ಇಟ್ಟೆ.

ಮೊದಲ ಗಿರಾಕಿ ನೋಡಿದ ಕೂಡಲೇ “ಇದು ನಾಜಿಗಳ ಅಕ್ಷರ ಅಲ್ವಾ?” ಅಂದರು. ನಾಜಿಗಳು ಬಳಸಿದ್ದು ನಿಜ. ಆದರೆ 1941ರ ಜನವರಿ 3ರ ಸುತ್ತೋಲೆಯಲ್ಲಿ ಅದು ಯಹೂದ್ಯರ ಅಕ್ಷರವೆಂಬ ಸುಳ್ಳು ಕಾರಣ ಕೊಟ್ಟು ಕೈಬಿಟ್ಟವರೂ ಅವರೇ. ಕೇಳಿ ಒಪ್ಪಿದರು. ಒಪ್ಪಿ ಮಾಡಿದ್ದೇನು? ಪೋಸ್ಟರಿನ ಶೀರ್ಷಿಕೆ ಪೂರ್ತಿ ದೊಡ್ಡಕ್ಷರದಲ್ಲಿ, ಸಾಲದ್ದಕ್ಕೆ ಅಕ್ಷರಗಳ ನಡುವೆ ಜಾಗ ಬಿಡಿಸಿ! ನೇಯ್ದದ್ದೆಲ್ಲ ಎಳೆ ಎಳೆಯಾಗಿ ಬಿಚ್ಚಿಹೋಗಿತ್ತು. ಒಂದು ಪದವೂ ಓದಲಾಗಲಿಲ್ಲ.

ಬೇಡವೆಂದರೆ ಬಳಸುವವರು ಕೇಳುವುದಿಲ್ಲ. ಹಾಗಾಗಿ ಮುಂದಿನ ಆವೃತ್ತಿಗೆ ಕೂದಲೆಳೆ, ಸೊಂಡಿಲು ಇಲ್ಲದ ಇನ್ನೊಂದು ಜೊತೆ ದೊಡ್ಡಕ್ಷರ ಬರೆದೆ. ಎರಡು ದೊಡ್ಡಕ್ಷರ ಪಕ್ಕಪಕ್ಕ ಬಂದರೆ ಎರಡನೆಯದರಿಂದ ಈ ಸರಳ ರೂಪ ತಾನಾಗಿ ಬಂದು ಕೂರುತ್ತದೆ. ಅದೇ ಗಿರಾಕಿ ಹೊಸ ಫೈಲಿನಲ್ಲಿ ಮತ್ತೆ ಪೂರ್ತಿ ದೊಡ್ಡಕ್ಷರದಲ್ಲೇ ಶೀರ್ಷಿಕೆ ಹಾಕಿದರು. ಈ ಸಲ ಓದಲು ಬಂತು. ಬದಲಾದದ್ದು ಅವರ ಗಮನಕ್ಕೆ ಬರಲೇ ಇಲ್ಲ.