ಮ್ಯಾಕ್ ಅಡ್ರೆಸ್ ಕೇಳಿದ್ರಾ? ಸರಿಯಾದ ಸಾಲು ನೋಡಿ ಬರೆದುಕೊಡಿ

ಹಾಸ್ಟೆಲ್ ಸೇರಿದ ವಾರವೇ ಅಕ್ಕನ ಮಗ ಫೋನ್ ಮಾಡಿದ. ‘ಮಾಮಾ, ವೈಫೈ ಬೇಕಂದ್ರೆ ಫಾರ್ಮ್‌ನಲ್ಲಿ ಮ್ಯಾಕ್ ಅಡ್ರೆಸ್ ಬರೀಬೇಕಂತೆ. ನನ್ನದು ವಿಂಡೋಸ್ ಲ್ಯಾಪ್‌ಟಾಪ್ ಅಲ್ವಾ?’

ಈ ಮ್ಯಾಕ್‌ಗೂ ಆಪಲ್ ಕಂಪ್ಯೂಟರ್‌ಗೂ ಸಂಬಂಧವಿಲ್ಲ. ಇದು ‘ಮೀಡಿಯಾ ಆಕ್ಸೆಸ್ ಕಂಟ್ರೋಲ್’ ಎಂಬುದರ ಚಿಕ್ಕ ರೂಪ. ವೈಫೈಗೋ ಕೇಬಲ್‌ಗೋ ಜೋಡಿಸುವ, ಕಂಪ್ಯೂಟರ್ ಒಳಗಿನ ನೆಟ್‌ವರ್ಕ್ ಕಾರ್ಡ್‌ಗೆ ಕಾರ್ಖಾನೆಯಲ್ಲೇ ಕೊಡುವ ನಂಬರ್. ಎರಡೆರಡು ಅಕ್ಷರದ 6 ಜೋಡಿ, ಒಟ್ಟು 12. ಮೊದಲ 3 ಜೋಡಿ ನೋಡಿದರೆ ಸಾಮಾನ್ಯವಾಗಿ ಕಾರ್ಡ್ ಯಾವ ಕಂಪನಿಯದು ಅಂತ ಗೊತ್ತಾಗುತ್ತದೆ. ಕಂಪನಿಗಳಿಗೆ ಅದನ್ನು ಹಂಚುವುದು ಐಇಇಇ ಎಂಬ ಎಂಜಿನಿಯರುಗಳ ಅಂತರರಾಷ್ಟ್ರೀಯ ಸಂಸ್ಥೆ.

ವಿಂಡೋಸ್‌ನಲ್ಲಿ ಹುಡುಕುವುದು ಸುಲಭ. ವಿಂಡೋಸ್ ಕೀ ಒತ್ತಿಹಿಡಿದು ‘ಆರ್’ ಒತ್ತಿ. ಬಂದ ಪೆಟ್ಟಿಗೆಯಲ್ಲಿ ಇಂಗ್ಲಿಷಿನಲ್ಲಿ ‘ಸಿಎಂಡಿ’ ಅಂತ ಟೈಪಿಸಿ ಎಂಟರ್ ಹೊಡೆಯಿರಿ. ಕಪ್ಪು ಪರದೆ ತೆರೆಯುತ್ತದೆ, ಹೆದರಬೇಡಿ. ಅಲ್ಲಿ ‘ಐಪಿಕಾನ್ಫಿಗ್’, ಒಂದು ಸ್ಪೇಸ್, ಸ್ಲ್ಯಾಷ್, ‘ಆಲ್’ ಅಂತ ಇಂಗ್ಲಿಷಿನಲ್ಲೇ (ipconfig /all) ಬರೆದು ಮತ್ತೆ ಎಂಟರ್. ‘ಫಿಸಿಕಲ್ ಅಡ್ರೆಸ್’ ಎಂಬ ಸಾಲಿನಲ್ಲಿರುವುದೇ ನಮಗೆ ಬೇಕಾದದ್ದು.

ಎಡವಟ್ಟಾಗುವುದು ಇಲ್ಲೇ. ಆ ಸಾಲು ಒಂದೇ ಇರುವುದಿಲ್ಲ. ಕೇಬಲ್‌ಗೊಂದು, ವೈಫೈಗೊಂದು, ಬ್ಲೂಟೂತ್‌ಗೊಂದು. ಸಾಲದ್ದಕ್ಕೆ ‘ಲೋಕಲ್ ಏರಿಯಾ ಕನೆಕ್ಷನ್’ ಅಂತ ನಕ್ಷತ್ರ ಗುರುತಿನ ಒಂದೆರಡು ಹೆಸರುಗಳೂ ಇರುತ್ತವೆ. ಅವುಗಳ ನಂಬರ್ ವೈಫೈ ನಂಬರ್‌ನಂತೆಯೇ ಕಾಣುತ್ತದೆ, ಒಂದೆರಡು ಅಕ್ಷರ ಮಾತ್ರ ಬೇರೆ. ನಮ್ಮ ಹುಡುಗ ಬರೆದುಕೊಟ್ಟದ್ದು ಅದನ್ನೇ. ಮೂರು ದಿನ ವೈಫೈ ಇಲ್ಲ. ‘ವೈರ್‌ಲೆಸ್ ಲ್ಯಾನ್ ಅಡಾಪ್ಟರ್ ವೈ-ಫೈ’ ಎಂಬ ತಲೆಬರಹದ ಕೆಳಗಿನದನ್ನೇ ತೆಗೆದುಕೊಳ್ಳಿ. ಕೇಬಲ್ ಹಾಕುವವರಾದರೆ ‘ಈಥರ್ನೆಟ್’ ಕೆಳಗಿನದು.

ಬರೆಯುವಾಗಲೂ ಹುಷಾರು. ಇದರಲ್ಲಿ 0ಯಿಂದ 9, ‘ಎ’ಯಿಂದ ‘ಎಫ್’ ಬಿಟ್ಟು ಬೇರೇನೂ ಬರುವುದಿಲ್ಲ. ಹಾಗಾಗಿ ‘ಓ’ ಅಂತ ಕಂಡದ್ದೆಲ್ಲ ಸೊನ್ನೆಯೇ. ಕೈಬರಹದಲ್ಲಿ 8 ಮತ್ತು ‘ಬಿ’ ಕಲಸಿಹೋಗುವುದು ಜಾಸ್ತಿ, ಬಿಡಿಸಿ ಬರೆಯಿರಿ.

ಆಪಲ್ ಮ್ಯಾಕ್‌ನಲ್ಲಿ ಆಪ್ಷನ್ ಕೀ ಹಿಡಿದು ಮೇಲಿನ ವೈಫೈ ಗುರುತು ಒತ್ತಿದರೆ ಸಾಕು. ಲಿನಕ್ಸ್ ಬಳಸುವವರು ಟರ್ಮಿನಲ್‌ನಲ್ಲಿ ‘ಐಪಿ ಲಿಂಕ್’ ಕೊಟ್ಟು ‘ಲಿಂಕ್ ಸ್ಲ್ಯಾಷ್ ಈಥರ್’ ಮುಂದೆ ನೋಡಲಿ.

ಮೊಬೈಲ್‌ದು ಬೇರೆ ತಕರಾರು. ಆಂಡ್ರಾಯ್ಡ್ 10, ಐಒಎಸ್ 14ರಿಂದೀಚೆಗೆ ಫೋನ್‌ಗಳು ನಮ್ಮ ಜಾಡು ಸಿಗದಿರಲಿ ಅಂತ ಒಂದೊಂದು ವೈಫೈಗೆ ಒಂದೊಂದು ನಕಲಿ ನಂಬರ್ ತೋರಿಸುತ್ತವೆ. ವಿಂಡೋಸ್‌ನಲ್ಲೂ ‘ರ‍್ಯಾಂಡಮ್ ಹಾರ್ಡ್‌ವೇರ್ ಅಡ್ರೆಸಸ್’ ಅಂತ ಇದೇ ಸೌಲಭ್ಯ ಇದೆ. ಪತ್ತೆ ಮಾಡುವುದು ಹೇಗೆ? ಎರಡನೇ ಅಕ್ಷರ ನೋಡಿ. 2, 6, ‘ಎ’ ಅಥವಾ ‘ಇ’ ಇದ್ದರೆ ಅದು ಕಾರ್ಖಾನೆಯ ನಂಬರ್ ಅಲ್ಲ ಅಂತಲೇ ಇಟ್ಟುಕೊಳ್ಳಿ. ಆ ಒಂದು ವೈಫೈ ಮಟ್ಟಿಗೆ ಸೆಟ್ಟಿಂಗ್ಸ್‌ನಲ್ಲಿ ಈ ಸೌಲಭ್ಯವನ್ನು ಆಫ್ ಮಾಡಿ, ಆಮೇಲೆ ಫಾರ್ಮ್ ತುಂಬಿ.

ಯುಎಸ್‌ಬಿ ವೈಫೈ ಡಾಂಗಲ್ ಹಾಕಿಕೊಂಡಿದ್ದರೆ ನಂಬರ್ ಡಾಂಗಲ್‌ನದು, ಕಂಪ್ಯೂಟರ್‌ನದಲ್ಲ. ಡಾಂಗಲ್ ಬದಲಾಯಿಸಿದರೆ ಮತ್ತೊಂದು ಫಾರ್ಮ್!